ಪುಷ್ಪಕ್ಕನ ತಾರೀಖಿಗೆ ಬಡ್ಡಿಯಿಲ್ಲ

ಬೆಳಗಿನ ಐದು ಮುಕ್ಕಾಲು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬೆಂಗಳೂರಿನ ರಾತ್ರಿ ಬಸ್ಸು ಒಂದು ನಿಮಿಷ ನಿಲ್ಲುತ್ತದೆ. ಕ್ಲೀನರ್ ಬಾಗಿಲಿನಿಂದ ಖಾಕಿ ಚೀಲವೊಂದನ್ನು ಇಳಿಬಿಡುತ್ತಾನೆ. ಕೆಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಪುಷ್ಪಲತಾ ಅದನ್ನು ಎರಡೂ ಕೈ ಚಾಚಿ ತೆಗೆದುಕೊಂಡು, ಬಾಯಿಗೆ ಹಾಕಿದ ಸೀಲು ಗಟ್ಟಿಯಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಕ್ಲೀನರ್‌ಗೆ ಅವಸರ, ಅವರಿಗಿಲ್ಲ. ಸೀಲು ನೋಡಿಯಾದ ಮೇಲೆಯೇ ಅವನ ಪುಸ್ತಕಕ್ಕೆ ಸಹಿ ಬೀಳುತ್ತದೆ.

ಎದುರಿನ ಕೊರಿಯರ್ ಆಫೀಸು ಎಂದರೆ ಹತ್ತಡಿ ಅಗಲದ ಮಳಿಗೆ. ಒಂದು ಮೇಜು, ಒಂದು ತಕ್ಕಡಿ, ಮಾಲೀಕ ಶಿವಯೋಗಪ್ಪನವರು ಒಂಬತ್ತು ಗಂಟೆಗೆ ಬಂದು ಕೂರುವ ಕುರ್ಚಿ. ಪುಷ್ಪಲತಾ ಆ ಕುರ್ಚಿಯ ಗೊಡವೆಗೆ ಹೋಗುವುದಿಲ್ಲ. ನೆಲಕ್ಕೆ ಚಾಪೆ ಹಾಸಿ ಚೀಲ ಸುರಿದು, ಅದರಲ್ಲಿನ ಉದ್ದನೆಯ ಬಿಳಿ ಲಕೋಟೆಗಳನ್ನು ಬೇರೆ ಮಾಡುತ್ತಾರೆ. ಅವು ಕ್ರೆಡಿಟ್ ಕಾರ್ಡಿನ ಬಿಲ್ಲುಗಳು. ಉಳಿದ ಕಾಗದಪತ್ರಗಳೆಲ್ಲ ಬೀದಿಯ ಪ್ರಕಾರ ಕಟ್ಟಾದರೆ ಇವು ಮಾತ್ರ ತಾರೀಖಿನ ಪ್ರಕಾರ ಕಟ್ಟಾಗುತ್ತವೆ. ಯಾರ ಬಿಲ್ಲಿಗೆ ಯಾವ ಗಡುವು ಎಂಬುದು ಅವರಿಗೆ ಬಾಯಿಪಾಠ. ಪ್ರತಿ ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ತಾರೀಖು ಬರೆಯುತ್ತಾರೆ. ಬ್ಯಾಂಕು ಕೊಟ್ಟ ಗಡುವಲ್ಲ ಅದು, ಅದಕ್ಕಿಂತ ಆರು ದಿನ ಹಿಂದಿನದು. ಮಂಡಿಪೇಟೆಯಿಂದ ಚೌಕಿಪೇಟೆಯವರೆಗೆ ಕಾರ್ಡು ಇಟ್ಟುಕೊಂಡ ವ್ಯಾಪಾರಿಗಳೆಲ್ಲ ಅದನ್ನು ಪುಷ್ಪಕ್ಕನ ತಾರೀಖು ಎನ್ನುತ್ತಾರೆ.

ಬ್ಯಾಂಕಿಗಿಂತ ಮುಂಚೆ ಇವರಿಗೇಕೆ ಅವಸರ ಎಂದು ಕೇಳಿದರೆ ಪುಷ್ಪಲತಾ ಬೆರಳು ಮಡಚಿ ಲೆಕ್ಕ ಕೊಡುತ್ತಾರೆ. ಕಾರ್ಡು ಕೊಟ್ಟ ಬ್ಯಾಂಕಿಗೆ ದಾವಣಗೆರೆಯಲ್ಲಿ ಶಾಖೆ ಇಲ್ಲ, ಹಣ ಬೆಂಗಳೂರಿಗೇ ಹೋಗಬೇಕು. ದಾವಣಗೆರೆಯ ಚೆಕ್ಕು ಕಳಿಸಿದರೆ ಅದು ಬೆಂಗಳೂರು ನೋಡಿಕೊಂಡು ಮತ್ತೆ ಇಲ್ಲಿಗೇ ವಸೂಲಿಗೆ ಬರುತ್ತದೆ. ಆ ಯಾತ್ರೆ ಮುಗಿಯಲು ಹದಿನೈದು ದಿನ ಹಿಡಿದರೂ ಹಿಡಿಯಿತು. ಅದಕ್ಕೇ ಅವರು, ಬ್ಯಾಂಕಿನಲ್ಲಿ ಮೊದಲೇ ಹಣ ಕಟ್ಟಿ ಬರೆಸುವ ಡಿಡಿಯನ್ನೇ ಕೇಳುವುದು. ಡಿಡಿಗೆ ಒಂದು ದಿನ, ಬಸ್ಸಿಗೆ ಒಂದು ರಾತ್ರಿ, ಅಲ್ಲಿ ಪೆಟ್ಟಿಗೆಗೆ ಬಿದ್ದು ಗುಮಾಸ್ತರ ಕೈಗೆ ಹೋಗಲು ಎರಡು ದಿನ, ನಡುವೆ ಒಂದು ಭಾನುವಾರ, ಬಸ್ಸು ಕೆಟ್ಟರೆ ಇನ್ನೊಂದು ದಿನ. "ಗಡುವು ಅಂದ್ರೆ ನಾವು ಕೊಡೋ ದಿನ ಅಲ್ರಿ, ಅವರಿಗೆ ಮುಟ್ಟೋ ದಿನ," ಎನ್ನುತ್ತಾರೆ ಅವರು. "ನಮ್ ಮಂದಿಗೆ ಇದನ್ನ ತಿಳಿಸಾದ್ರಾಗೆ ನನಗೆ ಒಂದು ವರ್ಷ ಹೋತು."

ಪುಷ್ಪಲತಾಗೆ ಈಗ ಮೂವತ್ತೊಂಬತ್ತು. ತವರು ಹರಿಹರ ತಾಲ್ಲೂಕಿನ ಸಾರಥಿ ಎಂಬ ಹಳ್ಳಿ, ಮನೆ ಹರಿಹರದಲ್ಲಿ. ಪಿಯುಸಿಯಲ್ಲಿ ಇಂಗ್ಲಿಷೊಂದು ಕೈಕೊಟ್ಟಿದ್ದರಿಂದ ಓದು ಅಲ್ಲಿಗೇ ನಿಂತಿತು. ಆ ಇಂಗ್ಲಿಷೇ ಮುಂದೆ ಲಕೋಟೆಯ ವೇಷದಲ್ಲಿ ಬಂದು ತಮ್ಮನ್ನು ಹಿಡಿಯುತ್ತದೆ ಎಂದು ಆಗ ಅವರಿಗೆ ಗೊತ್ತಿರಲಿಲ್ಲ. ಪತಿ ರವಿಚಂದ್ರ ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್. ವಾರಕ್ಕೆ ಮೂರು ದಿನ ಕೆಲಸವಿದ್ದರೆ ಅದೇ ಹೆಚ್ಚು ಎನ್ನುವ ಕಾಲ ಬಂದಾಗ, ಅಂದರೆ ತೊಂಬತ್ತಾರರಲ್ಲಿ, ಪುಷ್ಪಲತಾ ಈ ಆಫೀಸಿಗೆ ಸೇರಿದರು. ಹೆಂಗಸು ಕೊರಿಯರ್ ಹಂಚುವುದೇ ಎಂದು ಮೊದಲ ತಿಂಗಳು ಪೇಟೆಯೆಲ್ಲ ಬೆರಗಾಗಿ ನೋಡಿತು. ಎರಡನೆಯ ತಿಂಗಳು ನೀರು ಕೊಟ್ಟಿತು. ಮೂರನೆಯ ತಿಂಗಳಿಗೆ, ಕಾಗದ ತಡವಾದರೆ ಬೈಯುವಷ್ಟು ಸಲಿಗೆ ಬೆಳೆಯಿತು.

ಬೆಳಗಿನ ಐದರ ಮೊದಲ ಬಸ್ಸಿಗೆ ಹರಿಹರ ಬಿಡುತ್ತಾರೆ. ಆಫೀಸಿನ ಮೊಪೆಡ್ ದಾವಣಗೆರೆಯಲ್ಲೇ ಇರುತ್ತದೆ. ಮಧ್ಯಾಹ್ನ ಮೂರರವರೆಗೆ ಇಲ್ಲಿನ ಪೇಟೆ, ಸಂಜೆ ಹರಿಹರದ ಪೇಟೆ, ರಾತ್ರಿ ಚೀಲ ಬೆಂಗಳೂರು ಬಸ್ಸಿಗೆ ಹತ್ತುವ ಹೊತ್ತಿಗೆ ಶಿವಯೋಗಪ್ಪನವರ ಸರದಿ. ಸಂಬಳ ಸಾವಿರದ ನೂರು ರೂಪಾಯಿ. ಬಿಲ್ಲು ತಂದುಕೊಟ್ಟು ಹಣ ಮುಟ್ಟಿಸುವ ಕಾರ್ಡಿನವರು ತಿಂಗಳಿಗೆ ತಲಾ ಹತ್ತು ರೂಪಾಯಿ ಬೇರೆ ಕೊಡುತ್ತಾರೆ. ಒಂದು ಕಾಲದಲ್ಲಿ ಅಂಥವರು ದಾವಣಗೆರೆಯಲ್ಲಿ ಐವತ್ತೊಂದು, ಹರಿಹರದಲ್ಲಿ ಇಪ್ಪತ್ತಮೂರು ಮಂದಿ ಇದ್ದರು. ಅದರಲ್ಲಿ ಏಳು ಮಂದಿ ಈಗ ಇವರ ಕೈಗೆ ಲಕೋಟೆ ಕೊಡುವುದಿಲ್ಲ. ಆ ಏಳು ಮಂದಿಯ ಮಾತು ಬಂದಾಗಲೆಲ್ಲ ಪುಷ್ಪಲತಾರ ದನಿ ಸಣ್ಣಗಾಗುತ್ತದೆ.

ಕಾರ್ಡು ಈ ಊರಿಗೆ ಬಂದದ್ದು ತೊಂಬತ್ತೇಳರಲ್ಲಿ, ಟೈ ಕಟ್ಟಿದ ಇಬ್ಬರು ಹುಡುಗರ ಜೊತೆ. ಬೊಂಬಾಯಿ, ಸೂರತ್ತು ಎಂದು ಸರಕಿಗೆ ಓಡಾಡುವ ವ್ಯಾಪಾರಿಗಳನ್ನು ಸೇರಿಸಿ ಅವರು ಹೇಳಿದ ಮಾತು ಎಲ್ಲರಿಗೂ ಹಿಡಿಸಿತು. ಸೊಂಟಕ್ಕೆ ನೋಟು ಕಟ್ಟಿಕೊಂಡು ರೈಲಿನಲ್ಲಿ ನಿದ್ದೆಗೆಡಬೇಕಿಲ್ಲ, ಕಾರ್ಡು ಉಜ್ಜಿದರೆ ಸಾಕು. ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ, ಗಡುವಿನೊಳಗೆ ಕಟ್ಟಿದರೆ ಒಂದು ಪೈಸೆ ಬಡ್ಡಿಯಿಲ್ಲ. ಮೇಲಿಂದ ಪ್ರತಿ ನೂರು ರೂಪಾಯಿಗೆ ಒಂದು ಪಾಯಿಂಟು, ಪಾಯಿಂಟು ಕೂಡಿದರೆ ಬಹುಮಾನ. ಬಹುಮಾನಗಳ ಬಣ್ಣದ ಪುಸ್ತಕವನ್ನು ಹುಡುಗರು ಧಾರಾಳವಾಗಿ ಹಂಚಿದರು. ಬಡ್ಡಿಯ ಷರತ್ತುಗಳಿದ್ದ ಹಾಳೆಯನ್ನೂ ಹಂಚಿದರು, ಆದರೆ ಅದರ ಅಕ್ಷರ ಓದಲು ಅಕ್ಕಸಾಲಿಗರ ಕಣ್ಣು ಬೇಕಿತ್ತು.

ಪುಸ್ತಕ ಮಾತ್ರ ಮನೆಮನೆಗಳಲ್ಲಿ ಸವೆದು ಹೋಯಿತು. ಹರಿಹರದ ಕುಬೇರಪ್ಪ ಎಂಬ ಕಬ್ಬಿಣದ ವ್ಯಾಪಾರಿ ಗೋಡೆ ಗಡಿಯಾರದ ಆಸೆಗೆ ಬಿದ್ದು, ಮನೆಯಲ್ಲಿ ಒಂದು ಫ್ರಿಜ್ಜಿರುವಾಗಲೇ ಇನ್ನೊಂದು ತಂದರು. ಗಡಿಯಾರ ಬಂತು. ದಿನಕ್ಕೆ ಐದು ನಿಮಿಷ ಹಿಂದೆ ಓಡುತ್ತದೆ. ಎರಡನೆಯ ಫ್ರಿಜ್ಜಿನಲ್ಲಿ ಈಗ ಹಳೆಯ ರಸೀದಿ ಪುಸ್ತಕಗಳು ತಣ್ಣಗಿವೆ ಎಂದು ಕುಬೇರಪ್ಪನವರೇ ನಗುತ್ತ ಹೇಳಿಕೊಳ್ಳುತ್ತಾರೆ.

ಇದಕ್ಕೆ ಪೂರಾ ತಿರುವುಮುರುವು ಹರಿಹರದ ಟೈರ್ ಅಂಗಡಿಯ ಶಬ್ಬೀರ್. ಅಂಗಡಿಗೆ ಹೇಗೂ ಬೇಕಾದದ್ದನ್ನಷ್ಟೇ ಅವರು ಕಾರ್ಡಿನಲ್ಲಿ ಕೊಳ್ಳುತ್ತಾರೆ. ಕೊಂಡ ದಿನವೇ ಅಷ್ಟು ಹಣವನ್ನು ಎತ್ತಿ ಬ್ಯಾಂಕಿನ ಉಳಿತಾಯ ಖಾತೆಗೆ ಹಾಕಿ ಮರೆತುಬಿಡುತ್ತಾರೆ. ಬಿಲ್ಲು ಬಂದಾಗ ಅದೇ ಹಣ ಡಿಡಿಯಾಗಿ ಹೋಗುತ್ತದೆ. ಎರಡು ವರ್ಷದಲ್ಲಿ ಅವರ ಮನೆಗೆ ಒಂದು ಮಿಕ್ಸರ್, ಒಂದು ಸೂಟ್‌ಕೇಸ್ ಪುಕ್ಕಟೆ ಬಂದಿವೆ. ಬಡ್ಡಿ ಕೊಡುವುದೂ ತೆಗೆದುಕೊಳ್ಳುವುದೂ ಶಬ್ಬೀರ್‌ಗೆ ಧರ್ಮದ ಪ್ರಕಾರ ಸಲ್ಲದು. ಉಳಿತಾಯ ಖಾತೆಯಲ್ಲಿ ಬೀಳುವ ಚಿಲ್ಲರೆ ಬಡ್ಡಿಯನ್ನೂ ತೆಗೆದು ದಾನಕ್ಕೆ ಕೊಟ್ಟುಬಿಡುತ್ತಾರೆ. ಹಾಗಾಗಿ ಬಿಲ್ಲು ಪೈಸೆ ಸಮೇತ ಎಷ್ಟಿದೆಯೋ ಅಷ್ಟೇ ಕಟ್ಟುವುದು ಅವರ ನೇಮ. ಈ ನೇಮವೇ ಒಂದು ದಿನ ತಮ್ಮ ಮಾನ ಉಳಿಸುತ್ತದೆ ಎಂದು ಪುಷ್ಪಲತಾ ಎಣಿಸಿರಲಿಲ್ಲ.

ಕಳೆದ ವರ್ಷ, ತೊಂಬತ್ತೆಂಟರ ಜುಲೈ ತಿಂಗಳು. ಚೌಕಿಪೇಟೆಯಲ್ಲಿ ಮೂರು ತಲೆಮಾರಿನ ಬಟ್ಟೆ ಅಂಗಡಿ ನಡೆಸುವ ಕೊಟ್ಟೂರಪ್ಪನವರಿಗೆ ಲಕೋಟೆ ಕೊಡಲು ಪುಷ್ಪಲತಾ ಹೋದಾಗ ಗಾದಿಯ ಮೇಲೆ ನಾಲ್ಕೈದು ಗಿರಾಕಿಗಳು ಕೂತಿದ್ದರು. ಕೊಟ್ಟೂರಪ್ಪ ಅವರೆದುರೇ ಲಕೋಟೆ ಒಡೆದು, ಒಂದು ಅಂಕಿಯ ಮೇಲೆ ಬೆರಳಿಟ್ಟು ಕೆಂಡವಾದರು. ಐದು ಬಿಲ್ಲಿನಿಂದ ಅವರಿಗೆ ಬಡ್ಡಿ ಬೀಳುತ್ತಿತ್ತು. ಒಟ್ಟು ಮೂರು ಸಾವಿರದ ನಾನೂರು ದಾಟಿತ್ತು. ಪುಷ್ಪಕ್ಕನ ತಾರೀಖಿಗೆ ಸರಿಯಾಗಿ ತಾವು ಡಿಡಿ ಕೊಟ್ಟಾಗಿದೆ, ಆದರೂ ಬಡ್ಡಿ ಬಿದ್ದಿದೆ. ಹಾಗಿದ್ದರೆ ಹಣ ತಡವಾಗಿ ಮುಟ್ಟಿದೆ ಎಂದಾಯಿತು, ತಡ ಮಾಡಿದವಳು ನಡುವೆ ಇರುವ ಈಕೆಯೇ ಎಂಬುದು ಅವರ ಲೆಕ್ಕ.

"ನನ್ನ ಲಕೋಟೆ ಚೀಲಕ್ಕೆ ಹಾಕಾಕ ಮುಂಚೆ ಎಷ್ಟು ದಿನ ಮನ್ಯಾಗ ಇಟ್ಕಂತೀಯವ್ವ?" ಎಂದು ಅವರು ಕೇಳಿದರು. "ತಡ ಮಾಡಾದು ನೀನು, ದಂಡ ಕಟ್ಟಾದು ನಾನು."

ಪುಷ್ಪಲತಾ ತಾರೀಖು ಹಾಕಿದ ಕೊರಿಯರ್ ಚೀಟಿಗಳನ್ನು ತೋರಿಸಿದರು. ಅದು ನಿನ್ನ ಕೈಯಲ್ಲೇ ಬರೆದದ್ದಲ್ಲವೇ ಎಂದು ಕೊಟ್ಟೂರಪ್ಪ ಚೀಟಿಯನ್ನು ಪಕ್ಕಕ್ಕೆ ಸರಿಸಿದರು. ಗಾದಿಯ ಮೇಲಿದ್ದವರಲ್ಲಿ ಒಬ್ಬರು, ತಮಗೂ ಕಾರ್ಡಿದ್ದವರು, ತಮ್ಮ ಲಕೋಟೆ ವಾಪಸು ಕೇಳಿದರು. ಮರುದಿನದ ಹೊತ್ತಿಗೆ ಮಾತು ಪೇಟೆಯ ತುಂಬ ಹಬ್ಬಿತ್ತು. ಕೆಟ್ಟ ಮನುಷ್ಯರಲ್ಲದ ಶಿವಯೋಗಪ್ಪ, ಪೇಟೆಯವರನ್ನು ಎದುರು ಹಾಕಿಕೊಳ್ಳಲಾರದೆ, ದಾವಣಗೆರೆಯ ಐವತ್ತೊಂದು ಲಕೋಟೆಗಳನ್ನು ಬೇರೊಬ್ಬನಿಗೆ ವಹಿಸಿದರು. ಪುಷ್ಪಲತಾರ ತಿಂಗಳ ಗಳಿಕೆಯಲ್ಲಿ ಐನೂರ ಹತ್ತು ರೂಪಾಯಿ ಒಂದೇ ಏಟಿಗೆ ಹೋಯಿತು.

ದುಡ್ಡು ಹೋದದ್ದಕ್ಕೆ ಅವರು ಅಳಲಿಲ್ಲ. ಅದೇ ಬೀದಿಯಲ್ಲಿ ಬೇರೆ ಕಾಗದ ಹಂಚಲು ಹೋಗಲೇಬೇಕಿತ್ತಲ್ಲ, ಅದು ಕಷ್ಟವಾಯಿತು. ನೀರು ಕೊಡುತ್ತಿದ್ದ ಅಂಗಡಿಯವರು ಸಹಿ ಹಾಕಿ ತಲೆ ತಗ್ಗಿಸುತ್ತಿದ್ದರು. "ಯಾರೂ ಕಳ್ಳಿ ಅನ್ಲಿಲ್ರಿ. ಅಂದಿದ್ರೆ ಜಗಳಾನಾದ್ರೂ ಆಡಬೋದಿತ್ತು," ಎಂದು ಪುಷ್ಪಲತಾ ಆ ದಿನಗಳನ್ನು ನೆನೆಯುತ್ತಾರೆ. ಮನೆಯಲ್ಲಿ ಅತ್ತೆ ತಿಮ್ಮವ್ವ ಕೆಲಸ ಬಿಡಲು ಹೇಳಿದರು. ಬಿಟ್ಟರೆ ಪೇಟೆಯ ಮಾತೇ ನಿಜವಾಗುತ್ತದೆ ಎಂದು ಸೊಸೆ ಒಪ್ಪಲಿಲ್ಲ.

ಆಗ ನೆನಪಾದದ್ದು ಶಬ್ಬೀರ್. ಅವರ ಬಿಲ್ಲಿನ ಗಡುವೂ ಕೊಟ್ಟೂರಪ್ಪನವರ ಗಡುವೂ ಒಂದೇ. ಇಬ್ಬರ ಲಕೋಟೆಗಳೂ ಪ್ರತಿ ತಿಂಗಳು ಒಂದೇ ರಾತ್ರಿ, ಒಂದೇ ಚೀಲದಲ್ಲಿ ಹೋಗುತ್ತಿದ್ದವು. ಪುಷ್ಪಲತಾ ಟೈರ್ ಅಂಗಡಿಗೆ ಹೋಗಿ, ಯಾರ ಬಿಲ್ಲನ್ನೂ ಇದುವರೆಗೆ ಕೇಳಿ ನೋಡಿದವಳಲ್ಲ, ನಿಮ್ಮದನ್ನು ಒಮ್ಮೆ ತೋರಿಸಿ ಎಂದರು. ಶಬ್ಬೀರ್ ಕಾರ್ಡು ಬಂದಾಗಿನಿಂದ ಇದ್ದದ್ದನ್ನೆಲ್ಲ ತೆಗೆದು ಮುಂದಿಟ್ಟರು. ಎಲ್ಲಿಯೂ ಬಡ್ಡಿಯಿಲ್ಲ. ಒಂದೇ ಚೀಲದಲ್ಲಿ ಹೋದ ಎರಡು ಲಕೋಟೆಗಳಲ್ಲಿ ಒಂದು ಹೊತ್ತಿಗೆ ಸರಿಯಾಗಿ ಮುಟ್ಟಿ ಇನ್ನೊಂದು ತಡವಾಗಲು ಸಾಧ್ಯವಿಲ್ಲ. ಅಂದಮೇಲೆ ತಪ್ಪು ದಾರಿಯಲ್ಲಿ ಆಗಿಲ್ಲ, ಲಕೋಟೆಯ ಒಳಗೇ ಏನೋ ಇದೆ ಎಂದು ಪುಷ್ಪಲತಾಗೆ ಮನದಟ್ಟಾಯಿತು.

ಒಳಗಿನದನ್ನು ನೋಡಬೇಕಾದರೆ ಕೊಟ್ಟೂರಪ್ಪನವರ ಬಿಲ್ಲು ಬೇಕು. ಅವರನ್ನು ಕೇಳುವ ಹಾಗಿಲ್ಲ. ಪಿ.ಜೆ. ಬಡಾವಣೆಯ ಅವರ ಮನೆಗೆ ಹೋದರು. ಯಜಮಾನರ ಹೆಂಡತಿ ಕಸ್ತೂರಮ್ಮನವರೇ ಬಾಗಿಲು ತೆರೆದು, ಒಳಗೆ ಕರೆದು ಕೂರಿಸಿದರು. ಪಾಯಿಂಟಿನಲ್ಲಿ ಊಟದ ಪಿಂಗಾಣಿ ಸೆಟ್ಟು ತೆಗೆದುಕೊಳ್ಳುವ ಆಸೆ ಅವರಿಗಿತ್ತು. ಹಾಗಾಗಿ ಒಂದೂ ಬಿಲ್ಲು ಬಿಡದಂತೆ ಎಲ್ಲವನ್ನೂ ಸೀರೆಯ ಬೀರುವಿನಲ್ಲಿ ಜೋಪಾನ ಮಾಡಿದ್ದರು. ಇಬ್ಬರು ಹೆಂಗಸರು ಜಮಖಾನದ ಮೇಲೆ ಆರು ತಿಂಗಳ ಬಿಲ್ಲು ಹರಡಿದರು. ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ಆದರೆ ಅಂಕಿಗೆ ಯಾವ ಭಾಷೆ? ಬಿಲ್ಲು ಬಂದದ್ದೆಷ್ಟು, ಡಿಡಿ ಹೋದದ್ದೆಷ್ಟು ಎಂದು ಪುಷ್ಪಲತಾ ಕಳೆಯುತ್ತ ಹೋದರು. ಪ್ರತಿ ತಿಂಗಳೂ ಉಳಿದದ್ದು ನೂರಾ ಒಂದು ರೂಪಾಯಿ.

ಇದೇನೆಂದು ಪುಷ್ಪಲತಾ ಕೇಳಿದಾಗ, ಗೊತ್ತಿಲ್ಲದವರಂತೆ ಕೇಳುತ್ತೀಯಲ್ಲ ಎಂದು ಕಸ್ತೂರಮ್ಮನವರಿಗೇ ಸೋಜಿಗ. ಅವರ ಮನೆತನದಲ್ಲಿ ಸರಕು ಕೊಡುವವರ ಖಾತೆಯನ್ನು ಯಾರೂ ಪೂರಾ ಚುಕ್ತಾ ಮಾಡುವುದಿಲ್ಲ. ಮಾವನವರ ಕಾಲದಿಂದ ನಡೆದು ಬಂದ ಪದ್ಧತಿ ಅದು. ಪೂರಾ ತೀರಿಸುವುದೆಂದರೆ ನಿಮ್ಮ ಸಹವಾಸ ಸಾಕು ಎಂದು ಮುಖಕ್ಕೆ ಹೇಳಿದಂತೆ. ನೂರಾ ಒಂದು ಉಳಿಸಿದರೆ ಸಂಬಂಧ ನಡೆಯುತ್ತದೆ, ಮುಂದಿನ ಸರಕು ಬರುತ್ತದೆ. ಸೂರತ್ತಿನ ಸೇಠರುಗಳು ಈ ಮರ್ಯಾದೆಯನ್ನು ಅರಿತವರು. ಬ್ಯಾಂಕಿನವರೂ ಇಷ್ಟು ದೊಡ್ಡವರು, ಅರಿಯದೆ ಇರುತ್ತಾರೆಯೇ ಎಂದು ಕೊಟ್ಟೂರಪ್ಪ ಅವರಿಗೂ ಅದೇ ಮರ್ಯಾದೆ ಕೊಟ್ಟಿದ್ದರು.

ಮರುದಿನ ಪುಷ್ಪಲತಾ ಎಸ್‌ಟಿಡಿ ಬೂತಿನಲ್ಲಿ ಕೂತು, ಬಿಲ್ಲಿನ ಹಿಂದಿದ್ದ ಬೆಂಗಳೂರಿನ ನಂಬರಿಗೆ ಫೋನು ಹಚ್ಚಿದರು. ಆ ಕಡೆಯವರು ಮೂರು ಸಲ ಕಾಯಿಸಿದರು, ಒಂದು ಸಲ ಸಂಗೀತ ಕೇಳಿಸಿದರು, ಮೀಟರು ಮಾತ್ರ ನಿಲ್ಲದೆ ಓಡಿತು. ಕೊನೆಗೆ ಸಿಕ್ಕ ಕನ್ನಡದ ಹುಡುಗ ಬಿಡಿಸಿ ಹೇಳಿದ. ಪೂರಾ ಕಟ್ಟಿದವರಿಗಷ್ಟೇ ಬಡ್ಡಿ ಮಾಫಿ. ಒಂದು ರೂಪಾಯಿ ಉಳಿಸಿದರೂ ಮಾಫಿ ಹೋಯಿತು. ಉಳಿದ ರೂಪಾಯಿಗಲ್ಲ, ಕೊಂಡದ್ದೆಲ್ಲಕ್ಕೂ, ಕೊಂಡ ದಿನದಿಂದಲೇ ತಿಂಗಳಿಗೆ ನೂರಕ್ಕೆ ಎರಡೂವರೆಯಂತೆ ಬಡ್ಡಿ. ಹೊಸದಾಗಿ ಕೊಂಡದ್ದಕ್ಕೂ ಅಂದಿನಿಂದಲೇ. ಪುಷ್ಪಲತಾ ಅದನ್ನು ಎರಡು ಸಲ ಹೇಳಿಸಿ ಕೊರಿಯರ್ ಚೀಟಿಯ ಹಿಂದೆ ಬರೆದುಕೊಂಡರು. ಬೂತಿನ ಬಿಲ್ಲು ಅರವತ್ತೆರಡು ರೂಪಾಯಿ ಆಯಿತು.

ಚೀಟಿ ಹಿಡಿದು ಅವರು ಅಂಗಡಿಗೆ ಹೋಗಲಿಲ್ಲ, ಕೊಟ್ಟೂರಪ್ಪ ಊಟಕ್ಕೆ ಬರುವ ಹೊತ್ತಿಗೆ ಮನೆಗೇ ಹೋದರು. ಅವರನ್ನು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನಿಲ್ಲಿಸುವ ಅವಕಾಶ ಕೈಯಲ್ಲಿತ್ತು. ಯಾಕೆ ಬಿಟ್ಟಿರಿ ಎಂದರೆ, ಹಿರಿಯರಲ್ಲವೇ ಎಂದು ಮಾತು ತೇಲಿಸುತ್ತಾರೆ.

ಕೊಟ್ಟೂರಪ್ಪ ನಂಬಲಿಲ್ಲ. ಮರ್ಯಾದೆಗೆಂದು ನೂರಾ ಒಂದು ಬಿಟ್ಟರೆ ತಿಂಗಳ ಹದಿನೆಂಟು ಸಾವಿರದ ಬಿಲ್ಲಿಗೆಲ್ಲ ಬಡ್ಡಿ ಜಡಿಯುವ ಒರಟರು ಲೋಕದಲ್ಲಿ ಇರಲಾರರು ಎಂಬುದು ಅವರ ವಾದ. ಪುಷ್ಪಲತಾ ತಾಳ್ಮೆಯಿಂದ ಹೇಳಿದರು: "ಅವರು ಸೂರತ್ತಿನ ಸೇಠ್ ಅಲ್ರಿ ಸಾವ್ಕಾರ್ರೆ. ನಿಮ್ಮ ಮುಖಾನೇ ನೋಡಿಲ್ಲ ಅವರು. ನೀವು ಉಳಿಸಿದ್ದು ಅವರಿಗೆ ಮರ್ಯಾದೆ ಅಂತ ಕಾಣಲ್ಲ, ಬಾಕಿ ಅಂತ ಕಾಣ್ತೈತಿ."

ಆದರೂ ಪೂರಾ ಕಟ್ಟಲು ಕೊಟ್ಟೂರಪ್ಪನವರಿಗೆ ಕೈ ಬರಲಿಲ್ಲ. ಮೂರು ತಲೆಮಾರು ಮಾಡದ್ದನ್ನು ಹೇಗೆ ಮಾಡುವುದು? ಆಗ ಬಡಿಸುತ್ತಿದ್ದ ಕಸ್ತೂರಮ್ಮ, ಇದನ್ನು ಖಾತೆ ಅಂದುಕೊಳ್ಳಬೇಡಿ, ಹರಕೆ ಅಂದುಕೊಳ್ಳಿ ಎಂದರು. "ಮಠಕ್ಕೆ ಸಾವಿರದೊಂದು ಹರಕೆ ಹೊತ್ರೆ ನೂರಾ ಒಂದು ಹಿಡ್ಕಂಡು ಒಂಬೈನೂರು ಹಾಕ್ತೀರೇನು? ಹರಕೆ ಪೂರಾ ಒಪ್ಪಿಸ್ತೀರಿ. ಹಂಗಂತ ಮಠದ ಸಂಬಂಧ ಹರೀತೈತೇನು?"

ಕೊಟ್ಟೂರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ಆಗಸ್ಟ್ ತಿಂಗಳ ಬಿಲ್ಲಿಗೆ ಡಿಡಿ ಪೈಸೆ ಸಮೇತ ಪೂರಾ ಹೋಯಿತು. ಮುಂದಿನ ಬಿಲ್ಲಿನಲ್ಲಿ ಬಡ್ಡಿಯ ಹೆಸರಿರುವುದಿಲ್ಲ, ಇದ್ದರೆ ನಾನೇ ಕಟ್ಟುತ್ತೇನೆ ಎಂದು ಪುಷ್ಪಲತಾ ಮಾತು ಕೊಟ್ಟರು.

ಮುಂದಿನ ಬಿಲ್ಲು ಬಂತು. ಅದರಲ್ಲಿ ಇನ್ನೂರ ಮೂವತ್ತೆಂಟು ರೂಪಾಯಿ ಬಡ್ಡಿ ಇತ್ತು.

ಕಸ್ತೂರಮ್ಮ ಫೋನು ಮಾಡಿ ಹೇಳಿದಾಗ ಪುಷ್ಪಲತಾ, ಹರಿಹರದ ಇಪ್ಪತ್ತಮೂರು ಲಕೋಟೆಗಳೂ ಕೈ ತಪ್ಪಿದವು ಎಂದೇ ಅಂದುಕೊಂಡರು. ಮತ್ತೆ ಬೂತು, ಮತ್ತೆ ಸಂಗೀತ. ಹುಡುಗ ಈ ಸಲ ಇನ್ನೊಂದು ವಿಷಯ ಹೇಳಿದ. ಹಿಂದಿನ ಬಿಲ್ಲು ತಯಾರಾದ ದಿನದಿಂದ ಡಿಡಿ ಮುಟ್ಟಿದ ದಿನದವರೆಗೆ ಓಡಿದ ಬಡ್ಡಿ ಅದು. ಈಗ ಇದನ್ನೂ ಪೂರಾ ಕಟ್ಟಿದರೆ ಮುಗಿಯಿತು. ಪುಷ್ಪಲತಾ ಕೊಟ್ಟ ಮಾತಿನಂತೆ ಇನ್ನೂರ ಮೂವತ್ತೆಂಟು ರೂಪಾಯಿಯನ್ನು ಗಂಡನಿಂದ ಪಡೆದು ಒಯ್ದು ಕೊಟ್ಟರು. ಕೊಟ್ಟೂರಪ್ಪ ಅದನ್ನು ಮುಟ್ಟಲಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದಷ್ಟೇ ಹೇಳಿ ಮತ್ತೆ ಪೂರಾ ಡಿಡಿ ಬರೆಸಿದರು.

ಅಕ್ಟೋಬರಿನ ಬಿಲ್ಲಿನಲ್ಲಿ ಬಡ್ಡಿಯ ಮುಂದೆ ಬರೀ ಸೊನ್ನೆಗಳಿದ್ದವು. ಅಲ್ಲಿಂದ ಇಲ್ಲಿಯವರೆಗೆ ಅವು ಹಾಗೇ ಇವೆ. ನವೆಂಬರಿನಲ್ಲಿ ಕೊಟ್ಟೂರಪ್ಪ ತಮ್ಮ ಲಕೋಟೆಯನ್ನು ಮಾತಿಲ್ಲದೆ ಪುಷ್ಪಲತಾರ ಕೈಗೇ ಕೊಟ್ಟರು. ಅದನ್ನು ಕಂಡು ಶಿವಯೋಗಪ್ಪ ದಾವಣಗೆರೆಯ ಲಕೋಟೆಗಳನ್ನು ಮರಳಿ ಕೊಟ್ಟರು. ಕಸ್ತೂರಮ್ಮನವರಿಗೆ ಯುಗಾದಿಯ ಹೊತ್ತಿಗೆ ಪಿಂಗಾಣಿ ಸೆಟ್ಟೂ ಬಂತು. ಅದರಲ್ಲಿ ಎರಡು ಬಟ್ಟಲು ತೆಗೆದುಕೊಂಡು ಹೋಗೆಂದು ಅವರು ಹಟ ಹಿಡಿದರೂ ಪುಷ್ಪಲತಾ ಒಲ್ಲೆ ಎಂದರು. ಲಕೋಟೆ ಒಯ್ಯುವ ಕೈಗೆ ಲಕೋಟೆಯವರ ಮನೆಯ ವಸ್ತು ಬರಬಾರದು ಎಂಬುದು ಅವರೇ ಹಾಕಿಕೊಂಡ ಕಟ್ಟಳೆ.

ಅಂದಿನಿಂದ ಅವರ ಕೆಲಸ ಲಕೋಟೆ ಸಾಗಿಸುವುದಕ್ಕೆ ನಿಂತಿಲ್ಲ. ಗಿರಾಕಿ ಬಿಲ್ಲು ಒಡೆದಾಗ ಪಕ್ಕದಲ್ಲೇ ನಿಲ್ಲುತ್ತಾರೆ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ಒಂದು ಪೂರಾ ಕಟ್ಟಬೇಕಾದದ್ದು, ಇನ್ನೊಂದು ಸದ್ಯಕ್ಕೆ ಇಷ್ಟಾದರೂ ಕಟ್ಟಿ ಎನ್ನುವ ಚಿಕ್ಕದು. ಆ ಚಿಕ್ಕ ಮೊತ್ತದ ಮೇಲೆ ಪುಷ್ಪಲತಾ ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ. ಡಿಡಿ ಅರ್ಜಿಯಲ್ಲಿ ದೊಡ್ಡ ಮೊತ್ತ ಬರೆದಾದ ಮೇಲೆಯೇ ಬೆರಳು ತೆಗೆಯುವುದು. ಕಾರ್ಡಿನಿಂದ ನೋಟು ತೆಗೆಯಬೇಡಿ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ ಎಂದು ಮದುವೆ ಖರ್ಚಿನ ಮನೆಗಳಿಗೆ ಮುಂಚೆಯೇ ಹೋಗಿ ಹೇಳುತ್ತಾರೆ. ವರ್ಷದ ಶುಲ್ಕಕ್ಕಿಂತ ಪಾಯಿಂಟಿನ ಬಹುಮಾನ ಅಗ್ಗದ್ದಾದರೆ ಕಾರ್ಡು ವಾಪಸು ಕೊಡಿ ಎಂದು ಮೂವರಿಂದ ಕೊಡಿಸಿದ್ದಾರೆ. ಹಾಗೆ ತಿಂಗಳಿಗೆ ಮೂವತ್ತು ರೂಪಾಯಿ ಕಳೆದುಕೊಂಡಿರಲ್ಲ ಎಂದರೆ ನಗುತ್ತಾರೆ. "ರೊಕ್ಕ ಎಣಿಸಿಕೊಟ್ರೆ ಕೈಗೆ ಗೊತ್ತಾಕ್ಕತಿ. ಕಾರ್ಡು ಉಜ್ಜಿದ್ರೆ ಗೊತ್ತಾಗಲ್ರಿ. ಅದಕ್ಕೇ ಕೊಂಡ ದಿನಾನೇ ಆ ರೊಕ್ಕ ತೆಗೆದು ಬ್ಯಾರೆ ಇಡ್ರಿ ಅಂತೀನಿ. ಪಾಯಿಂಟಿನ ಹಿಂದೆ ಹೋಗಬ್ಯಾಡ್ರಿ, ಅದು ತಾನಾಗೇ ಬರ್ತೈತಿ."

ಇಷ್ಟೆಲ್ಲ ಕಲಿಸುವ ಪುಷ್ಪಲತಾ ಬಳಿ ಕಾರ್ಡಿಲ್ಲ. ಅವರ ಸಂಬಳಕ್ಕೆ ಯಾವ ಬ್ಯಾಂಕೂ ಕೊಡುವುದಿಲ್ಲ, ಅವರಿಗೆ ಬೇಕಾಗಿಯೂ ಇಲ್ಲ.

ಆದರೆ ಬೇಕಾದದ್ದು ಬೇರೊಂದಿದೆ. ಬಹಳ ಒತ್ತಾಯಿಸಿದ ಮೇಲೆ ಹೇಳಿದರು. ಐವತ್ತೊಂದರಲ್ಲಿ ಏಳು ಮಂದಿ ಇನ್ನೂ ಲಕೋಟೆ ಕೊಡುತ್ತಿಲ್ಲ. ಆ ದಿನ ಗಾದಿಯ ಮೇಲಿದ್ದು ಕೇಳಿದವರು ಕೆಲವರು, ಅವರಿಂದ ಕೇಳಿದವರು ಕೆಲವರು. ಕೊಟ್ಟೂರಪ್ಪ ಲಕೋಟೆ ಮರಳಿ ಕೊಟ್ಟದ್ದು ಅವರ ಕಣ್ಣಿಗೆ ಕರುಣೆಯಂತೆ ಕಂಡಿದೆಯೇ ಹೊರತು, ಪುಷ್ಪಲತಾ ತಪ್ಪು ಮಾಡಿರಲಿಲ್ಲ ಎಂದು ಅವರಿಗೆ ಯಾರೂ ಹೇಳಿಲ್ಲ. "ನಾಕು ಮಂದಿ ಮುಂದೆ ಅಂದಿದ್ರು. ಅಲ್ಲ ಅಂತ ಒಂದ್ಸಾರಿ ನಾಕು ಮಂದಿ ಮುಂದೆ ಅಂದ್ರೆ ಸಾಕ್ರಿ. ಎಪ್ಪತ್ತು ರೂಪಾಯಿ ಮಾತಲ್ಲ ಇದು."

ಅವರ ಬಗ್ಗೆ ಕೇಳಲು ಪತ್ರಿಕೆಯಿಂದ ಚೌಕಿಪೇಟೆಯ ಅಂಗಡಿಗೆ ಹೋದಾಗ ಕೊಟ್ಟೂರಪ್ಪ ಸೀರೆಯ ಮಡಿಕೆ ಹಾಕಿಸುತ್ತಿದ್ದರು. ಗಾದಿಯ ಮೇಲೆ ಗಿರಾಕಿಗಳಿದ್ದರು. ಪುಷ್ಪಲತಾರ ಹೆಸರು ಕೇಳಿ ಅವರು ಮೊದಲು ಚಹಾ ತರಿಸಿದರು, ಮಾರುಕಟ್ಟೆಯ ಮಾತಾಡಿದರು. ಆಮೇಲೆ ಪೆನ್ನು ತೆಗೆಯಲು ಹೇಳಿದರು. ಎಲ್ಲರಿಗೂ ಕೇಳುವಂತೆಯೇ ಹೇಳಿದರು.

"ಬರ್ಕಳ್ರಿ. ಆಕಿ ನನ್ನ ಲಕೋಟೆ ಒಂದಿನಾನೂ ತಡ ಮಾಡಿಲ್ಲ. ತಪ್ಪು ನಂದು. ಒಬ್ಬ ವ್ಯಾಪಾರಿ ಅಂತ ಹಾಕಬ್ಯಾಡ್ರಿ, ಚೌಕಿಪೇಟೆ ಕೊಟ್ಟೂರಪ್ಪ ಅಂತ ಹೆಸರು ಹಾಕ್ರಿ. ಆ ಏಳು ಮಂದಿ ಓದಬೇಕು."

ಏಳು ಮಂದಿಯ ಲೆಕ್ಕ ಅವರಿಗೂ ಗೊತ್ತಿತ್ತು ಎಂಬುದು ಆಗ ತಿಳಿಯಿತು. ಸಂಜೆ ಹರಿಹರದ ಬಸ್ ನಿಲ್ದಾಣದಲ್ಲಿ ಪುಷ್ಪಲತಾಗೆ ಇದನ್ನು ಹೇಳಿದಾಗ ಅವರು ಚೀಲವನ್ನು ಕೆಳಗಿಟ್ಟು ಕಲ್ಲುಬೆಂಚಿನ ಮೇಲೆ ಕೂತರು. ಹೆಸರು ಹಾಕಲು ಹೇಳಿದರೇ ಎಂದು ಎರಡು ಸಲ ಕೇಳಿದರು. ಕಣ್ಣು ತುಂಬಿತ್ತು. ಒರೆಸಿಕೊಂಡು ಒಂದು ಮಾತು ನಡೆಸಿಕೊಡಬೇಕೆಂದು ಕೇಳಿದರು.

"ಹಂಗಾರೆ ಆ ನೂರಾ ಒಂದು ರೂಪಾಯಿ ವಿಷಯ ಬರೀಬ್ಯಾಡ್ರಿ. ದೊಡ್ಡ ಮನುಷ್ಯರು, ಮಂದಿ ನಕ್ಕಾರು. ಏನೋ ಲೆಕ್ಕ ತಪ್ಪಿತ್ತು ಅಂತ ಹಾಕಿಬಿಡ್ರಿ."

ಅವರ ಕೋರಿಕೆಯನ್ನು ಅದೇ ರಾತ್ರಿ ಫೋನಿನಲ್ಲಿ ಕೊಟ್ಟೂರಪ್ಪನವರಿಗೆ ತಿಳಿಸಲಾಯಿತು.

"ನಗಲಿ ಬಿಡ್ರಿ," ಎಂದರು ಅವರು. "ಅದನ್ನೂ ಹಾಕ್ರಿ. ಅದಿಲ್ದಿದ್ರೆ ಆಕಿ ತಪ್ಪಿಲ್ಲ ಅಂತ ಯಾರು ನಂಬ್ತಾರೆ?"